ಜೀಪಿನ ಕೀಲಿಯಲ್ಲೇ ಉಳಿದ ಬಿರಡೆ

ಸರೋವರದ ದೋಣಿವಿಹಾರ ಕಚೇರಿಯ ಮುಖ್ಯ ಅಧಿಕಾರಿಗಳಿಗೆ,

ಮಾನ್ಯರೇ,

ಮೊದಲು ಕ್ಷಮಿಸಿ. ತಮ್ಮಂಥವರಿಗೆ ಪತ್ರ ಬರೆಯುವ ವಯಸ್ಸೂ ನನ್ನದಲ್ಲ, ಭಾಷೆಯೂ ನನ್ನದಲ್ಲ. ಕಾಲೇಜಿನ ಮೊದಲ ವರ್ಷದಲ್ಲಿರುವ ಹುಡುಗಿ ನಾನು. ಚಿಕ್ಕಂದಿನಿಂದ ಹಾಸ್ಟೆಲಿನಲ್ಲಿ ಬೆಳೆದು ಎಲ್ಲವನ್ನೂ ಇಂಗ್ಲಿಷಿನಲ್ಲೇ ಓದಿದ್ದರಿಂದ, ನನ್ನ ಕನ್ನಡವೆಂದರೆ ರಜೆಗೆ ಮನೆಗೆ ಬಂದಾಗ ಅಕ್ಕನ ಜೊತೆ ಜಗಳವಾಡಿ ಕಲಿತ ಕನ್ನಡ. ಈ ಪತ್ರವನ್ನೂ ಮೊದಲು ಇಂಗ್ಲಿಷಿನಲ್ಲೇ ಬರೆದಿದ್ದೆ. ನನ್ನ ಭಾವ ಓದಿ, "ತುಂಬ ಚೆನ್ನಾಗಿದೆ, ಓದಿದ್ರೆ ಯಾರಿಗೂ ಭಯ ಆಗಲ್ಲ" ಅಂದರು. ಅದನ್ನು ಹರಿದುಹಾಕಿ, ನನಗೆ ಭಯವಾಗುವ ಭಾಷೆಯಲ್ಲೇ ಮತ್ತೆ ಬರೆಯುತ್ತಿದ್ದೇನೆ.

ವಿಷಯ ಇಷ್ಟು. ಬರುವ ಭಾನುವಾರ ತಮ್ಮ ಕಚೇರಿ ನಡೆಸುವ ದೋಣಿ ಸ್ಪರ್ಧೆಯಲ್ಲಿ ರಕ್ಷಣಾ ದೋಣಿ ಓಡಿಸಲು ನನ್ನ ಅಕ್ಕನನ್ನು ಕರೆದಿದ್ದೀರಿ. ದೋಣಿ ಇಳಿಸುವ ಇಳಿಜಾರಿನಲ್ಲಿ ತಾವು ಹೊಸದಾಗಿ ತಂದಿರುವ ನಿಯಮ ಅಂದೂ ಹಾಗೇ ಇದ್ದರೆ, ಅಡಿಯಲ್ಲಿ ತೂತು ಬಾಯಿ ಬಿಟ್ಟುಕೊಂಡ ದೋಣಿಗಳು ನೀರಿಗೆ ಹೋಗುತ್ತವೆ. ಗಾಳಿ ಎದ್ದಾಗ ಎಲ್ಲರೂ ಜೀವ ಕೈಯಲ್ಲಿ ಹಿಡಿದು ದಡಕ್ಕೆ ಬರುತ್ತಾರೆ, ಅಕ್ಕ ಒಬ್ಬಳೇ ಒಳಕ್ಕೆ ಹೋಗುತ್ತಾಳೆ. ಹೋದವಳು ವಾಪಸ್ಸು ಬರುತ್ತಾಳೋ ಇಲ್ಲವೋ ಎಂಬುದು ನನ್ನ ಭಯ. ನಾನು ಎಲ್ಲದಕ್ಕೂ ಹೆದರುವವಳು, ಅದು ನಿಜ. ಮನೆಯಲ್ಲಿ ನನ್ನನ್ನು ಪುಕ್ಲಿ ಅಂತಲೇ ಕರೆಯುವುದು. ಲಿಫ್ಟಿಗೆ ಹೆದರುತ್ತೇನೆ, ವೈವಾ ಪರೀಕ್ಷೆಗೆ ಹೆದರುತ್ತೇನೆ. ಆದರೆ ಈ ಭಯ ಆ ಜಾತಿಯದಲ್ಲ. ಇದು ನೋಡಿಬಂದ ಭಯ.

ನಮ್ಮ ಅಪ್ಪ ದೋಣಿ ಎಂಜಿನ್ ರಿಪೇರಿ ಮಾಡುತ್ತಾರೆ. ಈಗ ಅವರಿಗೆ ಸೊಂಟ ನೋವು, ಶೆಡ್ಡಿನ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತು ಬೈಯುವ ಕೆಲಸ ಮಾತ್ರ ಇಟ್ಟುಕೊಂಡಿದ್ದಾರೆ, ಉಳಿದದ್ದೆಲ್ಲ ಅಕ್ಕನದು. ರಿಪೇರಿಯಾದ ಎಂಜಿನನ್ನು ನಮ್ಮದೇ ದೋಣಿಗೆ ಕಟ್ಟಿ, ದೋಣಿಯನ್ನು ಟ್ರೈಲರಿನ ಮೇಲೆ ಏರಿಸಿ, ಜೀಪಿನ ಹಿಂದೆ ಎಳೆದುಕೊಂಡು ಸರೋವರಕ್ಕೆ ಹೋಗಿ ಓಡಿಸಿ ನೋಡುವುದು ಭಾನುವಾರದ ವಾಡಿಕೆ. ಜೀಪು ಓಡಿಸುವವರು ಭಾವ. ಅವರದು ಕನ್ನಡಕದ ಅಂಗಡಿ, ನೀರಿನ ಸಹವಾಸ ಇಲ್ಲ, ಹೆಂಡತಿಯ ಸಹವಾಸಕ್ಕಾಗಿ ಬರುತ್ತಾರೆ. ತಮ್ಮ ಕಚೇರಿಯ ರಕ್ಷಣಾ ದೋಣಿಯೂ ನಮ್ಮ ಶೆಡ್ಡಿನಲ್ಲೇ ಇದೆ ಎನ್ನುವುದನ್ನು ತಾವು ಮರೆತಿರಬಹುದು. ಎಂಜಿನ್ ಬಿಚ್ಚಿಟ್ಟಿದೆ. ಬಿಡಿಭಾಗ ತರಿಸಲು ತಮ್ಮ ಒಪ್ಪಿಗೆ ಬೇಕು, ಅದಿನ್ನೂ ಬಂದಿಲ್ಲ. ದೋಣಿಯೊಳಗೆ ನಮ್ಮ ಮನೆ ಬೆಕ್ಕು ಮರಿ ಹಾಕಿದೆ. ಸರ್ಕಾರಿ ದೋಣಿಯಿಂದ ಸದ್ಯಕ್ಕೆ ರಕ್ಷಣೆ ಸಿಕ್ಕಿರುವುದು ಆ ಮರಿಗಳಿಗೆ ಮಾತ್ರ. ಅದಕ್ಕೇ ತಾವು ಅಕ್ಕನನ್ನು ಅವಳ ದೋಣಿಯ ಸಮೇತ ಕರೆದಿರುವುದು.

ಈಗ ಆ ತೂತಿನ ವಿಚಾರ. ದೋಣಿ ನೋಡಿಕೊಳ್ಳುವ ಕಚೇರಿಗೆ ನಾನು ಹೇಳಿಕೊಡಬೇಕಾಗಿಲ್ಲ, ಆದರೆ ಈ ಪತ್ರವನ್ನು ಬೇರೆಯವರೂ ಓದುತ್ತಾರೆ. ರಸ್ತೆಯ ಮೇಲೆ ಎಳೆದುಕೊಂಡು ಹೋಗುವ ದೋಣಿಗೆ ಹಿಂಭಾಗದಲ್ಲಿ, ತಳಕ್ಕೆ ಹತ್ತಿರ, ಹೆಬ್ಬೆರಳು ತೂರುವಷ್ಟು ಒಂದು ತೂತು ಇರುತ್ತದೆ. ರಸ್ತೆಯಲ್ಲಿ ಅದು ತೆರೆದಿರಬೇಕು. ಮಳೆ ಬಂದರೆ, ತೊಳೆದ ನೀರು ನಿಂತರೆ ಹರಿದುಹೋಗಬೇಕು. ಇಲ್ಲದಿದ್ದರೆ ದೋಣಿ ಭಾರವಾಗಿ, ಟ್ರೈಲರ್ ನಾಯಿ ಬಾಲದ ಹಾಗೆ ಆಡಿ, ಜೀಪನ್ನೇ ಎಳೆದು ಹಾಕುತ್ತದೆ. ನೀರಿಗೆ ಇಳಿಸುವ ಮೊದಲು ಅದಕ್ಕೆ ಬಿರಡೆ ತಿರುಗಿಸಿ ಮುಚ್ಚಬೇಕು. ಅಷ್ಟು ಚಿಕ್ಕ ವಸ್ತು ಎಲ್ಲೆಂದರಲ್ಲಿ ಕಳೆದುಹೋಗುತ್ತದಲ್ಲ, ಅದಕ್ಕೆ ಅಪ್ಪ ಒಂದು ಉಪಾಯ ಮಾಡಿದ್ದರು. ಬಿರಡೆಯನ್ನು ಜೀಪಿನ ಕೀಲಿಯ ಗೊಂಚಲಿಗೇ ಸೇರಿಸಿಬಿಟ್ಟರು. ಇಳಿಜಾರಿನ ಮೇಲಿರುವ ಸಮತಟ್ಟಿನಲ್ಲಿ ಭಾವ ಜೀಪು ನಿಲ್ಲಿಸುತ್ತಾರೆ, ಎಂಜಿನ್ ಆರಿಸಿ ಕೀಲಿ ತೆಗೆದು ಅಕ್ಕನ ಕೈಗೆ ಕೊಡುತ್ತಾರೆ, ಅಕ್ಕ ಬಿರಡೆ ಬಿಚ್ಚಿಕೊಂಡು ತೂತು ಮುಚ್ಚಿ ಕೀಲಿ ವಾಪಸ್ಸು ಕೊಡುತ್ತಾಳೆ, ಆಮೇಲೆ ಜೀಪು ಹಿಂದಕ್ಕೆ ಸರಿದು ದೋಣಿ ನೀರಿಗೆ. "ಮನುಷ್ಯ ಹೆಂಡ್ತೀನ ಮರೆತು ಬರಬಹುದು, ಗಾಡಿ ಕೀ ಮರೆತು ಬರಲ್ಲ" ಎಂದು ಅಪ್ಪ ಶೆಡ್ಡಿಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಬಂದವರೂ ಹಾಗೇ ಮಾಡಿಕೊಂಡರು. ಇವತ್ತು ಈ ಸರೋವರಕ್ಕೆ ರಸ್ತೆಯಲ್ಲಿ ಬರುವ ದೋಣಿಗಳಲ್ಲಿ ಅರ್ಧಕ್ಕರ್ಧ ದೋಣಿಗಳ ಬಿರಡೆ ಇರುವುದು ಗಾಡಿಯ ಕೀಲಿಯಲ್ಲಿ. ಇದನ್ನು ದಯವಿಟ್ಟು ನೆನಪಿಡಿ.

ಕಳೆದ ಭಾನುವಾರ ನಾನೂ ಹೋಗಿದ್ದೆ. ಅಕ್ಕ ನೀರಿನ ಮೇಲೆ ಒಬ್ಬಳೇ ಹೋಗುವುದು ಬೇಡವೆಂದು ಅಮ್ಮ ನನ್ನನ್ನು ಜೊತೆ ಮಾಡಿದ್ದು. ಈಜು ಬಾರದವಳನ್ನು ಯಾಕೆ ಕಾವಲಿಗೆ ಕಳಿಸಿದರೋ ಅಮ್ಮನೇ ಹೇಳಬೇಕು. ದಾರಿಯುದ್ದಕ್ಕೂ ನಾನು ಹಿಂದಕ್ಕೆ ತಿರುಗಿ ಟ್ರೈಲರನ್ನೇ ನೋಡುತ್ತ ಕೂತಿದ್ದೆ. ಪ್ರತಿ ಲಾರಿ ದಾಟಿದಾಗಲೂ ಗಾಳಿಯ ಹೊಡೆತಕ್ಕೆ ದೋಣಿ ಒಮ್ಮೆ ಆ ಕಡೆ ಒಮ್ಮೆ ಈ ಕಡೆ ಓಲಾಡುತ್ತಿತ್ತು. "ಭಾವ, ಸರಪಳಿ ಹಾಕಿದೀರಾ?" ಎಂದೆ. "ಹಾಕಿದೀನಿ." "ಪಟ್ಟಿ ಬಿಗಿ ಇದೆಯಾ?" "ಇದೆ ಕಣಮ್ಮ." "ಹಿಂದಿನ ಲೈಟು?" ಅಕ್ಕ ಮುಂದಿನ ಸೀಟಿನಿಂದ, "ಇವಳನ್ನೇ ಟ್ರೈಲರ್ ಮೇಲೆ ಕೂರಿಸಿ ರೀ, ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯ್ತಾಳೆ" ಅಂದಳು. ಬಿರಡೆಯನ್ನು ನಾನು ಕೇಳಲಿಲ್ಲ, ಯಾರೂ ಕೇಳಲಿಲ್ಲ. ಅದನ್ನು ನೆನಪಿಡುವುದು ನಮ್ಮ ಮನೆಯಲ್ಲಿ ಮನುಷ್ಯರ ಕೆಲಸವೇ ಆಗಿರಲಿಲ್ಲ. ಕೀಲಿ ಕೈಗೆ ಬಂದಾಗ ತಾನಾಗಿ ನೆನಪಾಗುತ್ತಿತ್ತು.

ಗೇಟಿನಲ್ಲಿ ತಮ್ಮ ಹೊಸ ಫಲಕ ಕಂಡಿತು. ಸಮತಟ್ಟಿನಲ್ಲಿ ವಾಹನ ನಿಲ್ಲಿಸಬಾರದು, ಇಳಿಜಾರಿನಲ್ಲಿ ಎಂಜಿನ್ ಆರಿಸಬಾರದು, ದೋಣಿ ನೀರಿಗೆ ಮುಟ್ಟಿದ ಕೂಡಲೇ ವಾಹನವನ್ನು ಗೇಟಿನ ಹೊರಗಿನ ಹೊಸ ನಿಲ್ದಾಣಕ್ಕೆ ಒಯ್ಯಬೇಕು, ಸಾರ್ವಜನಿಕರ ಹಿತದೃಷ್ಟಿಯಿಂದ. ನಾವು ಓದಿ ಮುಗಿಸುವ ಮೊದಲೇ ಗಾರ್ಡು ಸೀಟಿ ಊದಿದ.

"ಸಾರ್, ತೆಗೀರಿ ಗಾಡಿ. ಹಿಂದೆ ಲೈನ್ ಇದೆ."

"ಒಂದ್ ನಿಮಿಷ ನಿಲ್ಲಿಸ್ತೀನಿ, ಇವರು ನೋಡ್ಕೊಳ್ಲಿ" ಎಂದರು ಭಾವ.

"ನಿಲ್ಸೋ ಹಾಗಿಲ್ಲ ಸಾರ್. ನೋಡ್ಕೊಳ್ಳೋದೆಲ್ಲ ಮನೇಲೇ ನೋಡ್ಕೊಂಡ್ ಬರ್ಬೇಕು. ಎಂಜಿನ್ ಆಫ್ ಮಾಡ್ಬೇಡಿ, ಹಂಗೇ ರಿವರ್ಸ್ ಬನ್ನಿ, ಬನ್ನಿ, ಬನ್ನಿ."

ಭಾವ ಕಾನೂನಿಗೆ ಹೆದರುವ ಮನುಷ್ಯ, ಸೈಕಲ್ಲಿಗೂ ಸಿಗ್ನಲ್ ನೋಡುವವರು. ಹಂಗೇ ಬಂದರು. ಅಕ್ಕ ಮುಂದಿನ ಪಟ್ಟಿ ಬಿಚ್ಚುವುದರಲ್ಲಿದ್ದಳು, ನಾನು ಲೈಫ್ ಜಾಕೆಟ್ಟಿನ ಗುಂಡಿ ಎಣಿಸುವುದರಲ್ಲಿದ್ದೆ. ಸೀಟಿ ಒಂದೇ ಸಮ. ದೋಣಿ ತೇಲಿತು, ನಾವು ಹತ್ತಿದೆವು, ಖಾಲಿ ಟ್ರೈಲರನ್ನು ದಡದಡ ಎಳೆದುಕೊಂಡು ಜೀಪು ಮರೆಯಾಯಿತು. ಕೀಲಿ ಜೀಪಿನಲ್ಲಿ, ಬಿರಡೆ ಕೀಲಿಯಲ್ಲಿ, ನಾವು ನೀರಿನಲ್ಲಿ.

ಮಾನ್ಯರೇ, ಗೇಟಿನ ಪಕ್ಕದಲ್ಲಿ ತಾವು ಹಾಕಿಸಿರುವ ಹವಾಮಾನದ ಮಿನುಗುವ ಫಲಕವನ್ನೂ ನಾನು ಓದಿದ್ದೆ. ಬಿಸಿಲು, ಮಂದ ಗಾಳಿ ಎಂದಿತ್ತು. ಆಮೇಲೆ ವಿಚಾರಿಸಿದಾಗ ತಿಳಿಯಿತು, ಅದು ತಮ್ಮ ಕಚೇರಿ ಇರುವ ಪಟ್ಟಣದ ಹವಾಮಾನವಂತೆ. ಪಟ್ಟಣದಲ್ಲಿ ಅಂದು ನಿಜವಾಗಿ ಬಿಸಿಲಿತ್ತು, ಸಂತೋಷ. ಆದರೆ ಈ ಸರೋವರಕ್ಕೆ ಗಾಳಿ ಬರುವುದು ಬೆಟ್ಟದ ಆಚೆಯಿಂದ. ಮೋಡ ಬೆಟ್ಟದ ಬೆನ್ನಿನ ಹಿಂದೆ ಕೂತಿರುವಷ್ಟು ಹೊತ್ತೂ ಕಾಣುವುದಿಲ್ಲ, ಕಂಡಾಗ ಓಡಲು ಹೊತ್ತಿರುವುದಿಲ್ಲ. ತಮ್ಮ ಫಲಕಕ್ಕೆ ಆ ಬೆಟ್ಟ ಇರುವುದೇ ಗೊತ್ತಿಲ್ಲ.

ಸರೋವರದ ನಡುವೆ ಹೋದ ಮೇಲೆ ಅಕ್ಕ ಎಂಜಿನ್ನಿಗೆ ಕಿವಿಕೊಟ್ಟು, "ಯಾಕೋ ಇವತ್ತು ಎಮ್ಮೆ ಆಗಿದೆ ಕಣೇ, ಮೂತಿ ಮೇಲಕ್ಕೆತ್ತುತ್ತೆ, ಮುಂದಕ್ಕೆ ಹೋಗಲ್ಲ" ಅಂದಳು. ರಿಪೇರಿ ಸರಿಯಾಗಿಲ್ಲವೆಂದುಕೊಂಡಳು. ಅದೇ ಹೊತ್ತಿಗೆ ದಡದಲ್ಲಿ ಭಾವ ಕಂಡರು. ತುಂಬ ದೂರ, ಬೆರಳಷ್ಟು ಗಾತ್ರ. ಎರಡೂ ಕೈ ಮೇಲೆತ್ತಿ ಬೀಸುತ್ತಿದ್ದರು. "ನೋಡೇ, ನಿಮ್ಮ ಭಾವನಿಗೆ ಇವತ್ತು ಪ್ರೀತಿ ಉಕ್ಕಿದೆ" ಎಂದು ನಕ್ಕು ಅಕ್ಕ ಟಾಟಾ ಮಾಡಿದಳು. ನಾನೂ ಮಾಡಿದೆ. ಅವರು ಇನ್ನೂ ಜೋರಾಗಿ ಬೀಸಿದರು. ನಾವೂ ಜೋರಾಗಿ ಬೀಸಿದೆವು. ಅವರ ಕೈಯಲ್ಲಿ ಏನೋ ಇತ್ತು ಎಂದು ಈಗ ಅನ್ನಿಸುತ್ತದೆ, ಆಗ ಏನೂ ಕಾಣಲಿಲ್ಲ.

ಆಮೇಲೆ ತಿಳಿದದ್ದನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಿಲ್ದಾಣದಲ್ಲಿ ಎಂಜಿನ್ ಆರಿಸಿ ಕೀಲಿ ಎಳೆದಾಗ ಬಿರಡೆ ಭಾವನ ಅಂಗೈಗೆ ಬಂದಿದೆ. ಜೀಪನ್ನು ಒಳಗೆ ತರಲು ಎದುರಿನಿಂದ ಬರುವ ಸಾಲು ಬಿಡಲಿಲ್ಲ. ಇಳಿದು ಓಡಿದ್ದಾರೆ. ಗೇಟಿನಲ್ಲಿ ಗಾರ್ಡು ತಡೆದು, ಕಾಲ್ನಡಿಗೆಯಲ್ಲಿ ಬಂದರೆ ಸಂದರ್ಶಕರ ಟಿಕೆಟ್ ಬೇಕೆಂದಿದ್ದಾನೆ. "ದೋಣೀಲಿ ನನ್ನ ಹೆಂಡ್ತಿ ಇದಾಳಪ್ಪ, ತೂತು ಮುಚ್ಚಿಲ್ಲ" ಎಂದರೆ, "ಎಲ್ಲರೂ ಹಿಂಗೇ ಏನೋ ಒಂದು ಹೇಳ್ತಾರೆ ಸಾರ್" ಅಂದನಂತೆ. ಕೊನೆಗೆ ಟಿಕೆಟ್ ಕೊಂಡೇ ಭಾವ ದಡ ಮುಟ್ಟಿದ್ದು. ಗಾರ್ಡಿನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ತಾವು ಕೊಟ್ಟಿರುವುದು ಒಂದು ಸೀಟಿ ಮತ್ತು ಒಂದು ಟಿಕೆಟ್ ಪುಸ್ತಕ. ಮುಳುಗುವವರಿಗೆ ಇವೆರಡರಲ್ಲಿ ಯಾವುದನ್ನು ಕೊಡಬೇಕಿತ್ತು ಅವನು?

ಗಾಳಿ ಬಂದದ್ದು ಹೇಗೆಂದು ನನಗೆ ಸರಿಯಾಗಿ ಹೇಳಲು ಬರುವುದಿಲ್ಲ. ಮೊದಲು ಬೆಟ್ಟದ ಬುಡದ ನೀರು ಕಪ್ಪಾಯಿತು. ಆ ಕಪ್ಪು ನಮ್ಮ ಕಡೆ ಓಡಿಬಂತು. ಹಾಸ್ಟೆಲಿನಲ್ಲಿ ರಾತ್ರಿ ವಾರ್ಡನ್ ಸ್ವಿಚ್ಚು ಆರಿಸುತ್ತ ಬಂದಾಗ ಕಾರಿಡಾರಿನ ದೀಪಗಳು ಒಂದರ ಹಿಂದೊಂದು ಆರುತ್ತ ನಮ್ಮ ಕೋಣೆಯ ತನಕ ಬರುವುದಿಲ್ಲವೇ, ಹಾಗೆ. ಆಮೇಲೆ ಅಲೆ ಮತ್ತು ಮಳೆ ಒಟ್ಟಿಗೆ. ಅಕ್ಕ ದೋಣಿ ತಿರುಗಿಸಿದಳು. ಅದು ತಿರುಗಿತು, ಆದರೆ ಹಿಂಭಾಗ ಮೇಲೇಳಲಿಲ್ಲ. ಹಿಂದಿನಿಂದ ಒಂದು ಅಲೆ ಒಳಕ್ಕೇ ಬಂದು ಕೂತಿತು. ಅಕ್ಕ ಕಾಲ ಬಳಿಯ ಹಲಗೆ ಎತ್ತಿದಳು. ಕೆಳಗೆ ನೀರು, ತುಂಬ. ನನ್ನ ಮುಖ ನೋಡಿದಳು. ನನ್ನ ಅಕ್ಕ ಹೆದರಿದ್ದನ್ನು ನಾನು ಅಲ್ಲಿಯತನಕ ನೋಡಿರಲಿಲ್ಲ.

"ಕೀ ಎಲ್ಲಿ?" ಎಂದಳು.

ನಾನು ಜೇಬು ತಡಕಿದೆ, ನನ್ನ ಹತ್ತಿರ ಇರುವುದಿಲ್ಲವೆಂದು ಗೊತ್ತಿದ್ದೂ.

ಅವಳು ಹೊಟ್ಟೆಯ ಮೇಲೆ ಮಲಗಿ, ಹಲಗೆಯ ಸಂದಿನಲ್ಲಿ ಭುಜದ ತನಕ ಕೈ ಇಳಿಸಿ, ಕುರುಡು ಕೈಯಲ್ಲಿ ತೂತು ಹುಡುಕಿ ಹೆಬ್ಬೆರಳು ತುರುಕಿದಳು. ಕೆನ್ನೆ ನೀರಿನಲ್ಲಿತ್ತು. ಬಾಯಿ ಮಾತ್ರ ಮೇಲೆ. "ಪುಕ್ಲಿ, ನೀನು ಹಿಡಿ ಎಂಜಿನ್ನು."

"ನಂಗೆ ಬರಲ್ಲ ಅಕ್ಕ."

"ಬರಲ್ಲ ಅಂತ ನಂಗೂ ಗೊತ್ತು. ಹಿಡಿ. ರ‍್ಯಾಂಪ್ ಕಡೆ ಬೇಡ, ಅಲೆ ಪಕ್ಕಕ್ಕೆ ಹೊಡೆದ್ರೆ ಮಗುಚ್ತೀವಿ. ಅಲೆ ಬರೋ ಕಡೆಗೇ ಮೂತಿ ಇಡು. ನೆಟ್ಟಗಲ್ಲ, ಒಂಚೂರು ಓರೆ. ನಿಧಾನ. ನಿಂತ್ಕೋಬೇಡ, ಕೂತ್ಕೋ ಅಂದ್ನಲ್ಲ."

"ಏನೂ ಕಾಣಲ್ಲ ಅಕ್ಕ."

"ಗಾಳಿ ಮುಖಕ್ಕೆ ಹೊಡೀತಿದೆಯಾ? ಹೊಡೀತಿರೋ ತನಕ ಸರಿ ಇದೀಯ."

ಅಷ್ಟೇ ನಾನು ಮಾಡಿದ್ದು. ಮುಖಕ್ಕೆ ಹೊಡೆಸಿಕೊಂಡೆ. ಅಳುತ್ತಿದ್ದೆ, ದೇವರ ಹೆಸರೂ ನೆನಪಾಗದೆ ಹಾಸ್ಟೆಲಿನ ಕೋಣೆಗಳ ನಂಬರ್ ಹೇಳುತ್ತಿದ್ದೆ. ಬೆಟ್ಟದ ಕಡೆಯ ದಡ ಹತ್ತಿರವಿತ್ತು. ಗಾಳಿಗೆ ಎದುರಾಗಿ ಹೋದದ್ದರಿಂದ ದೋಣಿ ಅಲ್ಲಿನ ಜೊಂಡಿನೊಳಗೆ ನುಗ್ಗಿ ಕೂತಿತು. ಅಲ್ಲಿ ನೀರು ಮೊಣಕಾಲಷ್ಟು. ಅಕ್ಕನ ಕೈಯನ್ನು ಹಲಗೆಯ ಸಂದಿನಿಂದ ಮೆಲ್ಲಗೆ ಬಿಡಿಸಬೇಕಾಯಿತು. ಹೆಬ್ಬೆರಳಿನ ಚರ್ಮ ಸುತ್ತಲೂ ಬಳೆಯ ಹಾಗೆ ಸುಲಿದಿತ್ತು. ಭಾವ ದಡ ಸುತ್ತಿಕೊಂಡು ಬಂದಾಗ ಕತ್ತಿನ ತನಕ ಕೆಸರಾಗಿದ್ದರು. ಬಿರಡೆಯನ್ನು ಅಕ್ಕನ ಮುಂದೆ ಹಿಡಿದರು, ಅಂಗಡಿಗೆ ಬಂದವರಿಗೆ ಕನ್ನಡಕ ಹಿಡಿಯುವ ಹಾಗೆ. "ಈಗ ತಂದ್ರಾ, ಊರೆಲ್ಲ ಸೂರೆ ಆದ್ಮೇಲೆ" ಎಂದಳು ಅಕ್ಕ. ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಜೊಂಡಿನಲ್ಲೇ ಕೂತುಬಿಟ್ಟರು.

ಮಾರನೆಯ ದಿನ ನಾನು ಮತ್ತು ಭಾವ ತಮ್ಮ ಕಚೇರಿಗೆ ಬಂದಿದ್ದೆವು. ತಾವು ಸ್ಪರ್ಧೆಯ ಸಿದ್ಧತೆಯ ಸಭೆಯಲ್ಲಿದ್ದಿರಿ. ತಮ್ಮ ಸಹಾಯಕರು ತುಂಬ ಸೌಜನ್ಯದಿಂದ ಮಾತಾಡಿದರು. ಕುರ್ಚಿ ಕೊಟ್ಟರು. ಅಲೆಯ ವಿಷಯ ಹೇಳುವಾಗ ನನ್ನ ಧ್ವನಿ ನಡುಗಿದ್ದಕ್ಕೆ ನೀರು ಕೊಟ್ಟರು. ಎಲ್ಲ ಕೇಳಿ, "ಯಾರಿಗಾದರೂ ಏನಾದರೂ ಆಯ್ತಾ?" ಎಂದರು. ಇಲ್ಲ ಎಂದೆವು. "ಹಾಗಾದರೆ ಇದನ್ನು ಅಪಘಾತ ಅಂತ ತಗೊಳ್ಳೋಕೆ ಬರಲ್ಲ ನೋಡಿ. ಬಿರಡೆ ಹಾಕದೆ ಇರೋದು ಮಾಲೀಕರ ನಿರ್ಲಕ್ಷ್ಯ ಆಗುತ್ತೆ. ನಿಯಮದ ಬಗ್ಗೆ ಮೇಲಿನವರು ಪರಿಶೀಲಿಸ್ತಾರೆ." ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಎಂಬ ಗಾದೆಯನ್ನು ನಾನು ಪುಸ್ತಕದಲ್ಲಿ ಓದಿದ್ದೆ, ದೀಪವನ್ನು ಅಂದು ಕಣ್ಣಾರೆ ಕಂಡೆ. ಅಂದರೆ ಮಾನ್ಯರೇ, ನನ್ನ ಅಕ್ಕನ ಹೆಬ್ಬೆರಳು ಸ್ವಲ್ಪ ತೆಳ್ಳಗಿದ್ದು, ನಾವು ತಳ ಸೇರಿದ್ದರೆ ತಾವು ತಕ್ಷಣ ಗಮನ ಕೊಡುತ್ತಿದ್ದಿರಿ. ಬದುಕಿ ಬಂದು ತಮ್ಮ ಸಮಯ ಹಾಳು ಮಾಡಿದ್ದಕ್ಕೆ ಮತ್ತೊಮ್ಮೆ ಕ್ಷಮಿಸಿ.

ನಿರ್ಲಕ್ಷ್ಯ ನಮ್ಮದೇ. ಒಪ್ಪುತ್ತೇನೆ. ಅಪ್ಪ ಆ ದಿನದಿಂದ ಸ್ಟೂಲಿನ ಮೇಲೆ ಕೂತು ಯಾರನ್ನೂ ಬೈಯುತ್ತಿಲ್ಲ, ಅದನ್ನು ನೋಡಲಾಗುವುದಿಲ್ಲ. ನಮ್ಮ ಬಿರಡೆಗೆ ಈಗ ಪ್ರತ್ಯೇಕ ದಾರ ಕಟ್ಟಿ ದೋಣಿಗೇ ಬಿಗಿದಿದ್ದಾರೆ, ಗೊತ್ತಿರುವವರಿಗೆಲ್ಲ ಫೋನು ಮಾಡಿ ಹೇಳುತ್ತಿದ್ದಾರೆ. ಆದರೆ ಅವರ ಉಪಾಯ ಬಾಯಿಂದ ಬಾಯಿಗೆ ಎಲ್ಲೆಲ್ಲಿಗೆ ಹೋಗಿದೆಯೋ ಅವರಿಗೇ ಗೊತ್ತಿಲ್ಲ. ಸ್ಪರ್ಧೆಗೆ ಬೇರೆ ಊರುಗಳಿಂದಲೂ ದೋಣಿ ಬರುತ್ತವೆ. ಮನುಷ್ಯ ಮರೆಯುವವನು ಎಂದು ಗೊತ್ತಿದ್ದೇ ತಾನೇ ಆ ಸಮತಟ್ಟು ಮಾಡಿದ್ದು? ಒಂದು ಕ್ಷಣ ನಿಂತು, ಎಂಜಿನ್ ಆರಿಸಿ, ಸುತ್ತ ಒಂದು ಸಲ ನೋಡಲಿ ಎಂದು? ತಾವು ಆ ಕ್ಷಣವನ್ನೇ ತೆಗೆದುಬಿಟ್ಟಿರಿ. ಸಾಲು ಬೇಗ ಕರಗುತ್ತದೆ, ನಿಜ. ನೀರಿಗೆ ಬೇಗ ಹೋಗುವುದೇ ಉದ್ದೇಶವಾದರೆ ತಮ್ಮ ನಿಯಮದಷ್ಟು ಚುರುಕಾದದ್ದು ಇನ್ನೊಂದಿಲ್ಲ. ಮನೆಯಲ್ಲೇ ಬಿರಡೆ ಹಾಕಿ ಬನ್ನಿ ಎನ್ನುತ್ತಾರೆ ತಮ್ಮವರು. ದಾರಿಯಲ್ಲಿ ಮಳೆ ಬಂದು ದೋಣಿ ತುಂಬಿ ಟ್ರೈಲರ್ ಲಾರಿಯ ಅಡಿಗೆ ಹೋದರೆ, ಅದು ತಮ್ಮ ಗೇಟಿನ ಹೊರಗೆ ನಡೆದದ್ದಾಗುತ್ತದೆ, ಅಲ್ಲವೇ?

ನಿನ್ನೆ ಅಕ್ಕನಿಗೆ ಹೋಗಬೇಡ ಎಂದೆ. ಹೆಬ್ಬೆರಳಿಗೆ ಬ್ಯಾಂಡೇಜು ಸುತ್ತಿಕೊಂಡು ಸ್ಪಾನರ್ ಹಿಡಿಯಲು ಒದ್ದಾಡುತ್ತಿದ್ದಳು.

"ನಾನು ಹೋಗಲ್ಲ ಅಂದ್ರೆ ಸ್ಪರ್ಧೆ ನಿಲ್ಲಿಸ್ತಾರೇನೇ? ರಕ್ಷಣೆಗೆ ದೋಣಿ ಇಲ್ದೇನೇ ಮಾಡ್ತಾರೆ."

"ಮಾಡ್ಕೊಳ್ಲಿ. ನಿಂಗೇನು?"

"ತೂತು ಬಿಟ್ಕೊಂಡು ಯಾರೋ ಒಳಗೆ ಹೋಗಿರ್ತಾರೆ. ಅದು ಹೇಗಿರುತ್ತೆ ಅಂತ ನಂಗೂ ಗೊತ್ತು, ನಿಂಗೂ ಗೊತ್ತು. ಗೊತ್ತಿದ್ದು ದಡದಲ್ಲಿ ಕೂತ್ಕೊಳ್ಲಾ?"

ಅವಳು ಹೇಳುವುದು ಸರಿ, ಅದೇ ನನಗೆ ಭಯ. ತಪ್ಪು ಹೇಳಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು. ಶನಿವಾರ ನಾನು ಹಾಸ್ಟೆಲಿಗೆ ಮರಳಬೇಕು. ಅಲ್ಲಿ ಹಗಲು ಹೊತ್ತು ನಮ್ಮ ಫೋನುಗಳು ವಾರ್ಡನ್ ಕಪಾಟಿನಲ್ಲಿರುತ್ತವೆ. ಭಾನುವಾರ ಇಡೀ ಹಗಲು ಕಿಟಕಿಯಲ್ಲಿ ನಿಂತು ಆಕಾಶ ನೋಡಬಹುದು ಅಷ್ಟೇ. ತಮ್ಮ ಫಲಕದ ಹಾಗೆ ನನಗೂ ಕಾಣುವುದು ಬೇರೆ ಊರಿನ ಆಕಾಶ.

ಹಾಗಾಗಿ ಕೇಳುತ್ತಿದ್ದೇನೆ. ಭಾನುವಾರಕ್ಕೆ ಮೊದಲು ಆ ನಿಯಮ ತೆಗೆಯಿರಿ. ಪ್ರತಿ ಗಾಡಿಯೂ ಸಮತಟ್ಟಿನಲ್ಲಿ ನಿಲ್ಲಲಿ, ಎಂಜಿನ್ ಆರಿಸಲಿ, ದೋಣಿಯ ಹಿಂಭಾಗಕ್ಕೆ ಕೈಯಿಟ್ಟು ನೋಡಿದ ಮೇಲೆ ಇಳಿಯಲಿ. ಸಾಲು ಉದ್ದವಾಗಲಿ, ಬಂದವರು ಬೈದುಕೊಳ್ಳಲಿ, ಬೈಯಲು ಜೀವ ಇರುತ್ತದಲ್ಲ. ಬೆಟ್ಟದ ಮೇಲೆ ಒಬ್ಬರನ್ನು ಕೂರಿಸಿ, ಆಚೆ ಮೋಡ ಕಂಡ ಕೂಡಲೇ ಯಾರ ಒಪ್ಪಿಗೆಗೂ ಕಾಯದೆ ಸ್ಪರ್ಧೆ ನಿಲ್ಲಿಸುವ ಅಧಿಕಾರ ಕೊಡಿ, ಸ್ಪರ್ಧೆ ನೋಡಲು ಬರುವ ಮುಖ್ಯ ಅತಿಥಿ ಎಷ್ಟೇ ದೊಡ್ಡವರಾಗಿದ್ದರೂ. ಇಷ್ಟು ಮಾಡಿದರೆ ಅಕ್ಕ ಒಳಕ್ಕೆ ಹೋಗುವ ಪ್ರಸಂಗವೇ ಬರದಿರಬಹುದು. ಮಾಡಲಾಗದಿದ್ದರೆ ಆಗುವುದಿಲ್ಲವೆಂದು ಸ್ಪಷ್ಟವಾಗಿ ಹೇಳಿ. ಆಗ ನಾನು ಹಾಸ್ಟೆಲಿಗೆ ಹೋಗದೆ ಅಕ್ಕನ ದೋಣಿಯಲ್ಲಿ ಕೂರಬೇಕಾಗುತ್ತದೆ. ಇನ್ನೊಂದು ಜೊತೆ ಕೈ ಇದ್ದರೆ ಒಳ್ಳೆಯದೆಂದು ಕಳೆದ ವಾರ ತಿಳಿಯಿತು. ಹಾಸ್ಟೆಲಿಗೆ ಹೋಗುವ ಬಸ್ಸಿನ ಟಿಕೆಟ್ ರದ್ದು ಮಾಡಿಸಲು ಶುಕ್ರವಾರ ಸಂಜೆಯವರೆಗೆ ಮಾತ್ರ ಅವಕಾಶವಿದೆ.

ದಯವಿಟ್ಟು ಅದಕ್ಕೆ ಮೊದಲು ಉತ್ತರ ಕೊಡಿ. ಒಂದು ಸಾಲು ಸಾಕು.

ಇಂತಿ,
ಈಜು ಬಾರದ, ಆದರೂ ಬರಬೇಕಾಗಬಹುದಾದ,
ರಕ್ಷಣಾ ದೋಣಿಯವಳ ತಂಗಿ